ಪ್ಯಾನೆಲ್ ಗೆಲುವಿನಿಂದ ಪ್ರಾಶಸ್ತ್ಯ ಮತಕ್ಕೆ: ಮುಂಬಯಿಯ ಕನ್ನಡ ಸಂಘವೊಂದರ ಪ್ರಕರಣ ಅಧ್ಯಯನ

ಮುಂಬಯಿಯ ಉಪನಗರವೊಂದರಲ್ಲಿರುವ ಕನ್ನಡ ಸಂಘವೊಂದು ತನ್ನ ಕಾರ್ಯಕಾರಿ ಸಮಿತಿಯ ಚುನಾವಣೆಗೆ ರಾಜ್ಯಸಭೆಯ ಚುನಾವಣೆಯಲ್ಲಿ ಬಳಕೆಯಲ್ಲಿರುವ ಪ್ರಾಶಸ್ತ್ಯ ಮತದ (ಅಭ್ಯರ್ಥಿಗಳನ್ನು 1, 2, 3 ಎಂದು ಕ್ರಮವಾಗಿ ಗುರುತಿಸುವ) ಪದ್ಧತಿಯನ್ನು ಹೇಗೆ ಅಳವಡಿಸಿಕೊಂಡಿತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ನಿಯಮಾವಳಿ ತಿದ್ದುಪಡಿಯ ಉಪಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ಸಂಘದ ಹೆಸರು, ವರ್ಷ ಮತ್ತು ವ್ಯಕ್ತಿಗಳ ಗುರುತನ್ನು ಬಿಟ್ಟಿದ್ದೇನೆ. ಮತಗಳ ಅಂಕಿಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ, ಆದರೆ ಬಣಗಳ ಬಲಾಬಲದ ಅನುಪಾತವನ್ನೂ ಎಣಿಕೆಯ ಕ್ರಮವನ್ನೂ ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಮುಂಬಯಿಯ ಹೆಚ್ಚಿನ ಕನ್ನಡ ಸಂಘಗಳಂತೆ ಈ ಸಂಘವನ್ನು ಕಟ್ಟಿದವರಲ್ಲಿಯೂ ಹೋಟೆಲ್ ಉದ್ಯಮಕ್ಕೆಂದು ಬಂದ ಕರಾವಳಿಯವರು, ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳ ನೌಕರಿಗೆಂದು ಬಂದ ಧಾರವಾಡ, ಮೈಸೂರು ಕಡೆಯವರು, ಆಮೇಲೆ ಕಟ್ಟಡ ಕೆಲಸಕ್ಕೂ ಸಣ್ಣಪುಟ್ಟ ವ್ಯಾಪಾರಕ್ಕೂ ಬಂದ ವಿಜಯಪುರ, ಕಲಬುರಗಿ ಕಡೆಯವರು ಎಲ್ಲರೂ ಇದ್ದಾರೆ. ಈಗಿನ ಸದಸ್ಯರಲ್ಲಿ ಅನೇಕರು ಇಲ್ಲೇ ಹುಟ್ಟಿದವರು. ಸಂಘಕ್ಕೆ ಸ್ವಂತ ಸಭಾಗೃಹವಿದೆ, ಗ್ರಂಥಾಲಯವಿದೆ, ವಿದ್ಯಾರ್ಥಿವೇತನದ ನಿಧಿಯಿದೆ. ಆದ್ದರಿಂದ ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಬರಿಯ ಗೌರವದ ಪ್ರಶ್ನೆಯಲ್ಲ. ಸಭಾಗೃಹ ಯಾರ ಕಾರ್ಯಕ್ರಮಕ್ಕೆ ಸಿಗುತ್ತದೆ, ವಿದ್ಯಾರ್ಥಿವೇತನದ ಅರ್ಜಿ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಹೌದು.

ಸಮಿತಿಗೆ 11 ಸ್ಥಾನಗಳು, ಅವಧಿ 3 ವರ್ಷ. ಹಳೆಯ ನಿಯಮದಂತೆ ಪ್ರತಿ ಸದಸ್ಯನಿಗೂ 11 ಮತಗಳಿದ್ದವು. ಒಬ್ಬ ಅಭ್ಯರ್ಥಿಗೆ ಒಂದರಂತೆ 11 ಮಂದಿಗೆ ಗುರುತು ಹಾಕಬೇಕು, ಹೆಚ್ಚು ಮತ ಪಡೆದ 11 ಮಂದಿ ಗೆದ್ದಂತೆ. ಕೇಳುವುದಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಜನರು ಪ್ಯಾನೆಲ್ ಕಟ್ಟಿಕೊಂಡು, ಅಂದರೆ ಬಣದ ತಂಡವಾಗಿ ನಿಂತಾಗ ಈ ಪದ್ಧತಿಯ ಸ್ವಭಾವವೇ ಬದಲಾಗುತ್ತದೆ. ತಿದ್ದುಪಡಿಗೆ ಮೊದಲಿನ ಚುನಾವಣೆಯಲ್ಲಿ 355 ಮಂದಿ ಮತ ಹಾಕಿದ್ದರು. ಗೆದ್ದವರಲ್ಲಿ ಕೊನೆಯವರಿಗೆ 186 ಮತಗಳು, ಸೋತವರಲ್ಲಿ ಮೊದಲಿಗರಿಗೆ 169. ಹದಿನೇಳು ಮತಗಳ ಅಂತರ. ಫಲಿತಾಂಶ ಹನ್ನೊಂದಕ್ಕೆ ಹನ್ನೊಂದು. ಸುಮಾರು ಅರ್ಧದಷ್ಟು ಸದಸ್ಯರ ಪರವಾಗಿ ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ.

ಇದರ ಪರಿಣಾಮಗಳು ನಿಧಾನವಾಗಿ ಕಾಣಿಸಿಕೊಂಡವು. ಸೋತ ಬಣದವರು ಸಭೆಗೆ ಬರುವುದನ್ನು ಬಿಟ್ಟರು, ಕೆಲವರು ಬೇರೆ ಸಂಘ ಕಟ್ಟುವ ಮಾತಾಡಿದರು. ಸಾರ್ವಜನಿಕ ನ್ಯಾಸವಾಗಿ ನೋಂದಣಿಯಾದ ಸಂಘದ ಆಡಳಿತ ಬದಲಾದಾಗ 1950ರ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆಯ 22ನೇ ಕಲಮಿನಂತೆ 90 ದಿನಗಳೊಳಗೆ ಚಾರಿಟಿ ಕಮಿಷನರರ ಕಚೇರಿಗೆ ಚೇಂಜ್ ರಿಪೋರ್ಟ್, ಅಂದರೆ ಬದಲಾವಣೆಯ ವರದಿ ಸಲ್ಲಿಸಬೇಕು. ಸೋತವರು ಅದಕ್ಕೆ ಆಕ್ಷೇಪಣೆ ಹಾಕಿದರೆ ವ್ಯವಹಾರ ವಿಚಾರಣೆಗೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಒಂದು ಸ್ಥಾನವೂ ಸಿಗದ ಬಣಕ್ಕೆ ಮಾತಾಡಲು ಉಳಿದ ಒಂದೇ ಜಾಗ ಅದಾಗಿತ್ತು ಎಂಬುದನ್ನು ನಾವು ಗಮನಿಸಬೇಕು. ಸಾಮಾನ್ಯವಾಗಿ ಇಂಥವರನ್ನು ಜಗಳಗಂಟರು ಎಂದು ತಳ್ಳಿಹಾಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಆ ವರ್ಷದ ಮಹಾಸಭೆಯಲ್ಲಿ ವಿಜಯಪುರ ಕಡೆಯ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ನಮ್ಮ ಓಟು ಎಣಸ್ತೀರಿ ಖರೆ, ಅದಕ್ಕೇನೂ ಅನ್ನಂಗಿಲ್ಲ. ಆದ್ರ ಇಷ್ಟು ವರ್ಷದಾಗ ಅದು ಒಂದರೆ ಕುರ್ಚಿಗೆ ಮುಟ್ಟೇತೇನ್ರಿ?” ಎಂದು ಕೇಳಿದರು. ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಿಯಮಾವಳಿ ಪರಿಶೀಲನೆಗೆ ಐದು ಮಂದಿಯ ಉಪಸಮಿತಿ ರಚನೆಯಾದದ್ದು ಅದೇ ಸಭೆಯಲ್ಲಿ. ಅಧಿಕಾರದಲ್ಲಿದ್ದ ಬಣದ ಅಧ್ಯಕ್ಷರೇ ಅದನ್ನು ಸೂಚಿಸಿದರೆಂಬುದನ್ನು ಇಲ್ಲಿ ಹೇಳಲೇಬೇಕು. ಮುಂದಿನ ಸಲ ಆ ಹದಿನೇಳು ಮತಗಳು ಆಚೆಗೆ ಹೋದರೆ ತಮ್ಮ ಬಣದ ಗತಿಯೂ ಇದೇ ಎಂಬುದು ಅವರಿಗೆ ತಿಳಿದಿತ್ತು.

ಮುಂದಿದ್ದ ದಾರಿಗಳು

ಮೊದಲು ಬಂದ ಸಲಹೆ ಪ್ರದೇಶವಾರು ಮೀಸಲಾತಿಯದು: ಕರಾವಳಿಗೆ ಇಷ್ಟು, ಉತ್ತರ ಕರ್ನಾಟಕಕ್ಕೆ ಇಷ್ಟು, ಹಳೆ ಮೈಸೂರಿಗೆ ಇಷ್ಟು. ಉಪಸಮಿತಿ ಇದನ್ನು ಬೇಗನೆ ಕೈಬಿಟ್ಟಿತು. ತಂದೆ ಉಡುಪಿ ಕಡೆಯವರು, ತಾಯಿ ಹುಬ್ಬಳ್ಳಿಯವರು, ತಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ ಎನ್ನುವ ಯುವತಿಯನ್ನು ಯಾವ ಪಟ್ಟಿಗೆ ಸೇರಿಸುವುದು? ಇವತ್ತಿನ ಗುಂಪುಗಳನ್ನು ನಿಯಮದಲ್ಲಿ ಬರೆದಿಟ್ಟರೆ ಅವು ನಾಳೆಗೂ ಹಾಗೆಯೇ ಉಳಿದುಬಿಡುತ್ತವೆ.

ಎರಡನೆಯದು ಒಪ್ಪಿಗೆ ಮತ, ಅಂದರೆ ಒಪ್ಪಿಗೆಯಾದ ಎಷ್ಟು ಮಂದಿಗೆ ಬೇಕಾದರೂ ಗುರುತು ಹಾಕುವ ಪದ್ಧತಿ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋ ನಗರದ ಮತದಾರರು 2018ರಲ್ಲಿ ಇದನ್ನು ಒಪ್ಪಿ 2020ರಲ್ಲಿ ಮೊದಲ ಬಾರಿ ಬಳಸಿದ್ದನ್ನು ಉಪಸಮಿತಿಯ ಕಿರಿಯ ಸದಸ್ಯರೊಬ್ಬರು ತೋರಿಸಿದರು. ಒಂದೇ ಸ್ಥಾನವಿದ್ದು ಮೂರು ನಾಲ್ಕು ಮಂದಿ ಸ್ಪರ್ಧಿಸುವಲ್ಲಿ ಇದು ಒಳ್ಳೆಯ ಪದ್ಧತಿ. ಆದರೆ 11 ಸ್ಥಾನಗಳನ್ನು ಒಟ್ಟಿಗೆ ತುಂಬುವಾಗ ದೊಡ್ಡ ಬಣ ತನ್ನ 11 ಮಂದಿಗೂ ಗುರುತು ಹಾಕಿದರೆ ಮತ್ತೆ ಅದೇ ಹನ್ನೊಂದಕ್ಕೆ ಹನ್ನೊಂದು. ನಮ್ಮ ರೋಗ ಬೇರೆಯಾಗಿತ್ತು. ಮುಂದೆ 2025ರಲ್ಲಿ ನಾರ್ತ್ ಡಕೋಟಾದ ಶಾಸನಸಭೆಯೇ ಈ ಪದ್ಧತಿಯನ್ನು ರಾಜ್ಯದಾದ್ಯಂತ ನಿಷೇಧಿಸಿತು. ನಗರವೊಂದು ಮಾಡಿಕೊಂಡ ಬದಲಾವಣೆ ಮೇಲಿನವರ ಒಂದು ಕಾಯ್ದೆಯಿಂದ ಹೋಯಿತು. ತನ್ನ ಚುನಾವಣೆಯ ನಿಯಮ ತನ್ನ ಕೈಯಲ್ಲೇ ಇರುವ ಸಂಘ ಆ ಮಟ್ಟಿಗೆ ಅದೃಷ್ಟವಂತ. ಇದೇ ಸದಸ್ಯರಲ್ಲಿ ಕೆಲವರು ತಮ್ಮ ಹೌಸಿಂಗ್ ಸೊಸೈಟಿಗಳಲ್ಲಿಯೂ ಹೊಸ ಪದ್ಧತಿ ತರಬಹುದೇ ಎಂದು ಆಮೇಲೆ ಕೇಳಿದರು. ಅಲ್ಲಿ ಸಮಿತಿಯ ಚುನಾವಣೆ ಸಹಕಾರಿ ಕಾಯ್ದೆ ಮತ್ತು ಸರ್ಕಾರದ ಚುನಾವಣಾ ನಿಯಮಗಳಂತೆ ನಡೆಯುವುದರಿಂದ ಸದಸ್ಯರ ಠರಾವಿನಿಂದ ಅದು ಆಗುವ ಕೆಲಸವಲ್ಲ.

ಹೆಚ್ಚು ಚರ್ಚೆಯಾದದ್ದು ಸಂಚಿತ ಮತ. ಇದರಲ್ಲಿ ಸದಸ್ಯನು ತನ್ನ 11 ಮತಗಳನ್ನು ಹಂಚಬಹುದು, ಇಲ್ಲವೇ ಎಲ್ಲವನ್ನೂ ಒಬ್ಬರಿಗೇ ಹಾಕಬಹುದು. ಇದು ಈ ಊರಿಗೆ ಹೊಸದೇನಲ್ಲ. 1937ರ ಚುನಾವಣೆಯಲ್ಲಿ ಮುಂಬಯಿ ಪ್ರಾಂತದ ಬಹುಸದಸ್ಯ ಕ್ಷೇತ್ರಗಳಲ್ಲಿ ಸಂಚಿತ ಮತ ಜಾರಿಯಲ್ಲಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳೂ ಆಗ ಅದೇ ಪ್ರಾಂತದಲ್ಲಿದ್ದವು. ನಮ್ಮ ಸದಸ್ಯರ ಅಜ್ಜಂದಿರಲ್ಲಿ ಕೆಲವರಾದರೂ ಹಾಗೆ ಮತ ಹಾಕಿರಬೇಕು. ಸಣ್ಣ ಸಮುದಾಯಗಳು ತಮ್ಮ ಮತಗಳನ್ನು ಒಟ್ಟುಗೂಡಿಸಿ ತಮ್ಮವನನ್ನು ಗೆಲ್ಲಿಸಿಕೊಳ್ಳಬಹುದೆಂದು ಡಾ. ಅಂಬೇಡ್ಕರರು ಈ ಪದ್ಧತಿಯ ಪರವಾಗಿದ್ದರು. ಇವತ್ತಿಗೂ 2013ರ ಕಂಪನಿ ಕಾಯ್ದೆಯ 163ನೇ ಕಲಮು ನಿರ್ದೇಶಕರ ಆಯ್ಕೆಗೆ ಸಂಚಿತ ಮತವನ್ನಾಗಲೀ ವರ್ಗಾವಣೆಯಾಗುವ ಏಕಮತವನ್ನಾಗಲೀ (ಮುಂದೆ ಹೇಳುವ ಪ್ರಾಶಸ್ತ್ಯ ಮತದ ಪದ್ಧತಿಯೇ ಇದು) ಬಳಸಲು ಅವಕಾಶ ಕೊಡುತ್ತದೆ. ಎಣಿಸುವುದೂ ಸುಲಭ. ತೊಡಕಿರುವುದು ಮತ ಹಾಕುವುದಕ್ಕೆ ಮುಂಚೆ. ಒಂದು ಗುಂಪು ಎಷ್ಟು ಮಂದಿಯನ್ನು ನಿಲ್ಲಿಸಬೇಕು, ಯಾರಿಗೆ ಎಷ್ಟು ಮತ ಹಾಕಿಸಬೇಕು ಎಂಬುದನ್ನು ಮೊದಲೇ ಸರಿಯಾಗಿ ಅಂದಾಜು ಮಾಡಬೇಕು. ತಪ್ಪಿದರೆ ಜನಪ್ರಿಯ ಅಭ್ಯರ್ಥಿಯ ಮೇಲೆ ಮತಗಳು ರಾಶಿ ಬಿದ್ದು ಉಳಿದವರು ಸೋಲುತ್ತಾರೆ. ಹೀಗಾಗಿ ಶಿಸ್ತಿನ ಸಂಘಟನೆ ಇರುವವರಿಗೇ ಲಾಭ, ಬಿಡಿಯಾಗಿ ಯೋಚಿಸುವ ಸದಸ್ಯನಿಗೆ ನಷ್ಟ.

ಪ್ರಾಶಸ್ತ್ಯ ಮತದಲ್ಲಿ ಆ ಲೆಕ್ಕಾಚಾರದ ಭಾರ ಮತದಾರನ ಮೇಲಿಂದ ಎಣಿಕೆಯ ಮೇಲೆ ಬೀಳುತ್ತದೆ. ಸದಸ್ಯನಿಗೆ ಒಂದೇ ಮತ. ತನಗೆ ಬೇಕಾದವರನ್ನು 1, 2, 3 ಎಂದು ಕ್ರಮವಾಗಿ ಗುರುತಿಸಿದರೆ ಸಾಕು. ಗೆಲ್ಲುವುದಕ್ಕೆ ಬೇಕಾದ ಕೋಟಾ ದಾಟಿದವರ ಹೆಚ್ಚುವರಿ ಮತಗಳು ಮುಂದಿನ ಪ್ರಾಶಸ್ತ್ಯಕ್ಕೆ ಹೋಗುತ್ತವೆ, ತೀರ ಹಿಂದುಳಿದವರನ್ನು ಕೈಬಿಟ್ಟಾಗ ಅವರ ಮತಗಳೂ ಹಾಗೆಯೇ ಮುಂದೆ ಹೋಗುತ್ತವೆ. ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳ ಸುದ್ದಿ ಓದುವವರಿಗೆಲ್ಲ “ಎರಡನೇ ಪ್ರಾಶಸ್ತ್ಯದ ಮತ” ಎಂಬ ಮಾತು ಪರಿಚಿತವೇ. ಉಪಸಮಿತಿ ಇದನ್ನೇ ಆರಿಸಿತು.

ಮೊದಲ ಪ್ರಯತ್ನ ಮತ್ತು ಸೋಲು

ನಿಯಮಾವಳಿ ತಿದ್ದಲು ಹಾಜರಿದ್ದವರಲ್ಲಿ ಮೂರನೇ ಎರಡು ಭಾಗದ ಒಪ್ಪಿಗೆ ಬೇಕಾಗಿತ್ತು. ವಿಶೇಷ ಮಹಾಸಭೆಗೆ ಬಂದ 130 ಮಂದಿಯಲ್ಲಿ 71 ಮಂದಿ ಮಾತ್ರ ಕೈ ಎತ್ತಿದರು. ಬೇಕಾಗಿದ್ದದ್ದು 87.

ವಿರೋಧಿಸಿದವರಲ್ಲಿ ಅಧಿಕಾರ ಬಿಡಲು ಮನಸ್ಸಿಲ್ಲದವರೂ ಇದ್ದರು, ಆದರೆ ಸೋಲಿಗೆ ಅದು ಮುಖ್ಯ ಕಾರಣವಾಗಿರಲಿಲ್ಲ. ಕರಡಿನಲ್ಲಿ ಎಣಿಕೆಯನ್ನು ಕಂಪ್ಯೂಟರಿನಲ್ಲಿ ಮಾಡುವುದೆಂದಿತ್ತು: ಮತಪತ್ರಗಳನ್ನು ಟೈಪ್ ಮಾಡಿ ಸೇರಿಸಿದರೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಬರುತ್ತದೆ ಎಂದು ಪರದೆಯ ಮೇಲೆ ತೋರಿಸಲಾಯಿತು. ಇದನ್ನು ನೋಡಿ ಜನರಿಗೆ ಧೈರ್ಯ ಬರುವುದರ ಬದಲು ಅನುಮಾನ ಹುಟ್ಟಿತು. ನಲವತ್ತು ವರ್ಷ ಹೋಟೆಲು ನಡೆಸಿದ ಹಿರಿಯರೊಬ್ಬರು, “ಗಲ್ಲಾಪೆಟ್ಟಿಗೆ ಮುಚ್ಚುವಾಗ ದುಡ್ಡು ನಾನೇ ಎಣಿಸಬೇಕು ಮಾರಾಯ್ರೆ. ಬೇರೆಯವರು ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ ಸರಿಯೇ ಇರಬಹುದು, ಆದರೆ ರಾತ್ರಿ ನಿದ್ದೆ ಬರುವುದಿಲ್ಲ” ಎಂದರು. ಅವರು ಪದ್ಧತಿಯ ವಿರೋಧಿಯಾಗಿರಲಿಲ್ಲ, ಅದರ ತತ್ತ್ವವನ್ನು ಒಪ್ಪಿಕೊಂಡೇ ವಿರುದ್ಧವಾಗಿ ಮತ ಹಾಕಿದರು.

ವಕೀಲರಾದ ಸದಸ್ಯರೊಬ್ಬರ ಆಕ್ಷೇಪ ಇನ್ನೊಂದು ಬಗೆಯದು. ಅಮೆರಿಕದ ಬರ್ಲಿಂಗ್ಟನ್ ನಗರದಲ್ಲಿ 2009ರ ಮೇಯರ್ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದ ಅಭ್ಯರ್ಥಿ ಪ್ರಾಶಸ್ತ್ಯಗಳ ವರ್ಗಾವಣೆಯ ನಂತರ ಸೋತರು. ಮರುವರ್ಷವೇ ಅಲ್ಲಿನ ಮತದಾರರು ಪದ್ಧತಿಯನ್ನು ರದ್ದುಪಡಿಸಿದರು. “ನಮ್ಮಲ್ಲೂ ಹಾಗಾದರೆ ಹಿಂದಕ್ಕೆ ಹೋಗುವ ದಾರಿ ಎಲ್ಲಿದೆ?” ಎಂದು ಅವರು ಕೇಳಿದರು. ಬರ್ಲಿಂಗ್ಟನ್ನಿನದು ಒಂದೇ ಹುದ್ದೆಯ ಚುನಾವಣೆ, ನಮ್ಮದು ಹನ್ನೊಂದು ಸ್ಥಾನಗಳದು ಎಂಬ ಉತ್ತರ ಸರಿಯಾದದ್ದೇ. ಆದರೂ ಅವರ ಪ್ರಶ್ನೆ ಹಾಗೆಯೇ ಉಳಿಯಿತು. ಅದೇ ನಗರ 2021ರಲ್ಲಿ ನಗರಸಭೆಯ ಚುನಾವಣೆಗೆ ಪ್ರಾಶಸ್ತ್ಯ ಮತವನ್ನು ಮತ್ತೆ ಒಪ್ಪಿಕೊಂಡಿತೆಂಬುದನ್ನೂ ಅವರೇ ಪ್ರಾಮಾಣಿಕವಾಗಿ ಸಭೆಗೆ ತಿಳಿಸಿದರು.

ತಿರುವು

ಉಪಸಮಿತಿ ಮೂರು ನಿರ್ಧಾರಗಳನ್ನು ತೆಗೆದುಕೊಂಡಿತು. ಕಂಪ್ಯೂಟರನ್ನು ಪೂರ್ತಿಯಾಗಿ ಕೈಬಿಟ್ಟಿತು. ಎರಡು ಚುನಾವಣೆಗಳ ಬಳಿಕ ಮಹಾಸಭೆ ಮತ್ತೆ ಒಪ್ಪದಿದ್ದರೆ ಹಳೆಯ ಪದ್ಧತಿ ತಾನಾಗಿಯೇ ಮರಳುವಂತೆ ಕರಡಿನಲ್ಲಿ ಸೇರಿಸಿತು. ಮೂರನೆಯದಾಗಿ, ಪದ್ಧತಿಯನ್ನು ವಿವರಿಸುವುದನ್ನು ನಿಲ್ಲಿಸಿ ಅದನ್ನು ಸದಸ್ಯರ ಕೈಯಿಂದಲೇ ಒಮ್ಮೆ ನಡೆಸಿ ನೋಡಲು ಹೊರಟಿತು.

ವಾರ್ಷಿಕೋತ್ಸವದಲ್ಲಿ ಮೂರು ಕಾರ್ಯಕ್ರಮಗಳಿಗೆ ಸಮಯವಿತ್ತು, ಸಲಹೆಗಳು ಎಂಟು ಬಂದಿದ್ದವು. ಸದಸ್ಯರಿಗೆ ಎರಡು ಚೀಟಿಗಳನ್ನು ಕೊಡಲಾಯಿತು: ಒಂದರಲ್ಲಿ ಹಳೆಯ ರೀತಿ ಮೂರಕ್ಕೆ ಗುರುತು, ಇನ್ನೊಂದರಲ್ಲಿ ಪ್ರಾಶಸ್ತ್ಯದ ಅಂಕಿ. ಎರಡನ್ನೂ ಎಲ್ಲರ ಮುಂದೆಯೇ ಎಣಿಸಲಾಯಿತು. ಹಳೆಯ ರೀತಿಯಲ್ಲಿ ಗೆದ್ದವು ಯಕ್ಷಗಾನ, ತಾಳಮದ್ದಳೆ ಮತ್ತು ತುಳು ನಾಟಕ. ಪ್ರಾಶಸ್ತ್ಯದ ಎಣಿಕೆಯಲ್ಲಿ ಗೆದ್ದವು ಯಕ್ಷಗಾನ, ಕನ್ನಡ ಸಾಮಾಜಿಕ ನಾಟಕ ಮತ್ತು ಉತ್ತರ ಕರ್ನಾಟಕದ ಸಣ್ಣಾಟ. ಅದೇ ಜನ, ಅದೇ ಇಷ್ಟಗಳು, ಫಲಿತಾಂಶ ಮಾತ್ರ ಬೇರೆ. ಯಕ್ಷಗಾನಕ್ಕೆ ಎರಡರಲ್ಲಿಯೂ ಮೊದಲ ಸ್ಥಾನ ಸಿಕ್ಕಿತೆಂಬುದು ಕರಾವಳಿಯ ಸದಸ್ಯರಿಗೆ ಸಮಾಧಾನ ತಂದಿತು. ದೊಡ್ಡ ಗುಂಪಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ, ಎಲ್ಲವೂ ಸಲ್ಲುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡರು.

ಈ ಪ್ರಯೋಗದಿಂದ ಹೊರಬಂದ ಇನ್ನೊಂದು ವಿಷಯ ಅಂಕಿಗಳದು. ಕೆಲವರು ಕನ್ನಡ ಅಂಕಿಗಳಲ್ಲಿ, ಕೆಲವರು ಇಂಗ್ಲಿಷ್ ಅಂಕಿಗಳಲ್ಲಿ, ಇಲ್ಲಿನ ಮರಾಠಿ ಶಾಲೆಗಳಲ್ಲಿ ಓದಿದವರು ದೇವನಾಗರಿ ಅಂಕಿಗಳಲ್ಲಿ ಬರೆದಿದ್ದರು. ಕೆಲವರು “ಒಂದು”, “ಎರಡು” ಎಂದು ಅಕ್ಷರಗಳಲ್ಲಿ ಬರೆದಿದ್ದರು, ಇನ್ನು ಕೆಲವರು ಹಳೆಯ ಅಭ್ಯಾಸದಿಂದ ಬರಿಯ ಗುರುತು ಹಾಕಿದ್ದರು. ದೇಶದ 1961ರ ಚುನಾವಣಾ ನಿರ್ವಹಣಾ ನಿಯಮಗಳು ಪ್ರಾಶಸ್ತ್ಯವನ್ನು ಯಾವ ಭಾರತೀಯ ಭಾಷೆಯ ಅಂಕಿಯಲ್ಲಿಯೂ ಬರೆಯಲು ಬಿಡುತ್ತವೆ, ಅಕ್ಷರಗಳಲ್ಲಿ ಮಾತ್ರ ಬಿಡುವುದಿಲ್ಲ. ಸಂಘ ಅದನ್ನೇ ಅನುಸರಿಸಿತು, ಜೊತೆಗೆ ಒಂದು ಮತಪತ್ರದಲ್ಲಿ ಒಂದೇ ಬಗೆಯ ಅಂಕಿ ಇರಬೇಕೆಂದು ಸೇರಿಸಿತು. ಬೇರೆ ಬೇರೆ ಲಿಪಿಯ ಅಂಕಿಗಳು ಬೆರೆತು ಎಣಿಕೆಯ ಮೇಜಿನಲ್ಲಿ ವಾದ ಬೆಳೆಯಬಾರದೆಂಬುದು ಉದ್ದೇಶ.

ಎರಡನೇ ವಿಶೇಷ ಮಹಾಸಭೆಯಲ್ಲಿ 164 ಮಂದಿ ಹಾಜರಿದ್ದರು, 121 ಮಂದಿ ಒಪ್ಪಿದರು. ಗಲ್ಲಾಪೆಟ್ಟಿಗೆಯ ಮಾತಾಡಿದ ಹಿರಿಯರು ಠರಾವನ್ನು ಅನುಮೋದಿಸಿದರು.

ಎಣಿಕೆಯ ದಿನ

ಎಣಿಕೆಯ ಕ್ರಮವನ್ನು ಹೊಸದಾಗಿ ಕಟ್ಟದೆ ರಾಜ್ಯಸಭೆಯ ಕ್ರಮವನ್ನೇ ತೆಗೆದುಕೊಂಡದ್ದು ಇಡೀ ಪ್ರಕರಣದ ಅತ್ಯಂತ ವಿವೇಕದ ನಿರ್ಧಾರವೆಂದು ನನ್ನ ಅಭಿಪ್ರಾಯ. ಯಾವ ಹಂತದಲ್ಲಿ ತಕರಾರು ಬಂದರೂ ತೋರಿಸಲು ಸರ್ಕಾರ ಅಚ್ಚು ಹಾಕಿಸಿದ ನಿಯಮವಿತ್ತು. ಅದರಂತೆ ಪ್ರತಿ ಮತಪತ್ರದ ಬೆಲೆ 100. ಒಟ್ಟು ಬೆಲೆಯನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ, ಭಿನ್ನಾಂಕ ಬಿಟ್ಟು, ಒಂದು ಕೂಡಿಸಿದರೆ ಕೋಟಾ.

19 ಅಭ್ಯರ್ಥಿಗಳಿದ್ದರು. ಸಿಂಧುವಾದ ಮತಪತ್ರಗಳು 348, ಅಸಿಂಧುವಾದವು 9. 34800ನ್ನು 12ರಿಂದ ಭಾಗಿಸಿದರೆ 2900, ಕೋಟಾ 2901. ಸಭಾಗೃಹದ ಅಡುಗೆಮನೆಯಿಂದ ಸ್ಟೀಲ್ ತಟ್ಟೆಗಳನ್ನು ತಂದು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಅಭ್ಯರ್ಥಿಯ ಹೆಸರಿನ ಚೀಟಿ ಅಂಟಿಸಲಾಗಿತ್ತು. ಮತಪತ್ರವನ್ನು ಒಬ್ಬರು ಎತ್ತಿ ಹಿಡಿದು ಓದುವುದು, ಎರಡು ಬಣಗಳ ಏಜೆಂಟರು ನೋಡುವುದು, ಆಮೇಲೆ ಅದು ತಟ್ಟೆಗೆ ಬೀಳುವುದು. ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಪ್ರತಿ ಸುತ್ತಿನ ಮೊತ್ತವನ್ನು ಬರೆಯಲಾಗುತ್ತಿತ್ತು.

ಆಡಳಿತ ಬಣದ ಮುಖ್ಯ ಅಭ್ಯರ್ಥಿಗೆ 61 ಮೊದಲ ಪ್ರಾಶಸ್ತ್ಯಗಳು ಬಂದವು, ಬೆಲೆ 6100. ಕೋಟಾ ಕಳೆದರೆ ಹೆಚ್ಚುವರಿ 3199. ಆ 61ರಲ್ಲಿ ಮುಂದಿನ ಪ್ರಾಶಸ್ತ್ಯ ಬರೆದಿದ್ದ ಪತ್ರಗಳು 58. 3199ನ್ನು 58ರಿಂದ ಭಾಗಿಸಿದರೆ 55, ಉಳಿದ ಭಿನ್ನಾಂಕ ಬಿಟ್ಟುಹೋಯಿತು. ಹೀಗೆ ಪ್ರತಿ ಪತ್ರವೂ 55ರ ಬೆಲೆಯಲ್ಲಿ ಮುಂದೆ ಹೋಯಿತು: 33 ಪತ್ರಗಳು ಅದೇ ಬಣದ ಇನ್ನೊಬ್ಬರಿಗೆ, 15 ಪತ್ರಗಳು ಮತ್ತೊಬ್ಬರಿಗೆ, ಮತ್ತು 10 ಪತ್ರಗಳು ಯಾವ ಬಣಕ್ಕೂ ಸೇರದ, ವರ್ಷಗಳಿಂದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರಿಗೆ. ಅವರಿಗೆ ಮೊದಲೇ ಇದ್ದ 2100ಕ್ಕೆ 550 ಸೇರಿ 2650 ಆಯಿತು. ಮುಂದೆ ಹಿಂದುಳಿದವರನ್ನು ಕೈಬಿಡುತ್ತಾ ಹೋದಾಗ ಎರಡೂ ಬಣಗಳ ಮತಪತ್ರಗಳು ಅವರ ತಟ್ಟೆಗೆ ಬಂದು ಅವರು ಕೋಟಾ ದಾಟಿದರು.

ಹಳೆಯ ಪದ್ಧತಿಯಲ್ಲಿ ಈ ಹತ್ತು ಮಂದಿಯ ಮನಸ್ಸು ಯಾರಿಗೂ ಕಾಣುತ್ತಿರಲಿಲ್ಲ. ಅವರು ತಮ್ಮ ಬಣಕ್ಕೆ ನಿಷ್ಠರಾಗಿಯೇ ಇದ್ದರು, ಆದರೆ ಎರಡನೆಯವರಾಗಿ ಬಣದ ಆಚೆಗಿನ ಒಬ್ಬರನ್ನು ಬಯಸುತ್ತಿದ್ದರು. ಹನ್ನೊಂದಕ್ಕೂ ಗುರುತು ಹಾಕಿಸುವ ಪ್ಯಾನೆಲ್ ಚೀಟಿ ಅವರ ಆ ಆಯ್ಕೆಯನ್ನು ಪ್ರತಿಸಲವೂ ಮುಚ್ಚಿಹಾಕುತ್ತಿತ್ತು.

ಅಂತಿಮ ಫಲಿತಾಂಶ: ಆಡಳಿತ ಬಣಕ್ಕೆ 6, ಎದುರು ಬಣಕ್ಕೆ 4, ಸ್ವತಂತ್ರ 1. ಎಣಿಕೆ ಮುಗಿಯುವಾಗ ರಾತ್ರಿ ಹತ್ತೂವರೆ ಆಗಿತ್ತು. ವಸಾಯಿ, ಕಲ್ಯಾಣ ಕಡೆಯ ಕೆಲವರು ಲೋಕಲ್ ರೈಲಿಗಾಗಿ ಮೊದಲೇ ಎದ್ದು ಹೋಗಬೇಕಾಯಿತು. ಹಿಂದೆ ಎರಡು ತಾಸಿನಲ್ಲಿ ಮುಗಿಯುತ್ತಿದ್ದ ಕೆಲಸವಿದು. ಈ ವೆಚ್ಚವನ್ನು ಮುಚ್ಚಿಡಬಾರದು. ಆ ಸಲದ ಚೇಂಜ್ ರಿಪೋರ್ಟಿಗೆ ಯಾರೂ ಆಕ್ಷೇಪಣೆ ಹಾಕಲಿಲ್ಲ.

ಬಗೆಹರಿಯದೆ ಉಳಿದದ್ದು

ಅಧ್ಯಕ್ಷ, ಗೌರವ ಕಾರ್ಯದರ್ಶಿ, ಕೋಶಾಧಿಕಾರಿಗಳನ್ನು ಸಮಿತಿಯೇ ತನ್ನೊಳಗಿಂದ ಬಹುಮತದಿಂದ ಆರಿಸುತ್ತದೆ. ಆರು ಸ್ಥಾನಗಳ ಬಣ ಮೂರು ಹುದ್ದೆಗಳನ್ನೂ ತಾನೇ ಇಟ್ಟುಕೊಂಡಿತು. ನಿಯಮದ ಪ್ರಕಾರ ಇದು ತಪ್ಪಲ್ಲ. ಆದರೆ ಸ್ಥಾನಗಳಲ್ಲಿ ಬಂದ ಅನುಪಾತ ಅಧಿಕಾರದಲ್ಲಿ ಬರಲಿಲ್ಲವೆಂದು ಎದುರು ಬಣ ಹೇಳಿದ್ದರಲ್ಲಿ ಹುರುಳಿದೆ. ಆದರೂ ಸಮಿತಿಯ ಸಭೆಗಳಲ್ಲಿ ಒಂದು ವ್ಯತ್ಯಾಸ ಕಾಣಿಸಿತು: ಲೆಕ್ಕಪತ್ರಗಳು ಐದು ಹೊರಗಿನ ಕಣ್ಣುಗಳ ಮುಂದೆ ಹಾಯ್ದು ಬರಬೇಕಾಯಿತು, ಸಭಾಗೃಹದ ಬುಕಿಂಗ್ ಪುಸ್ತಕ ಎಲ್ಲ ಸದಸ್ಯರಿಗೂ ತೆರೆಯಿತು. ಇದೇ ಪದ್ಧತಿಯನ್ನು ತರಬಯಸುವ ಬೇರೆ ಸಂಘಗಳು ಪದಾಧಿಕಾರಿಗಳ ಆಯ್ಕೆಯ ನಿಯಮವನ್ನೂ ಅದೇ ಕರಡಿನಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು; ಆಮೇಲೆ ಬಹುಮತದಲ್ಲಿರುವವರಿಗೆ ಅದನ್ನು ಬದಲಿಸುವ ಅಗತ್ಯ ಕಾಣಿಸುವುದಿಲ್ಲ.

ಇನ್ನೊಂದು ತೊಡಕು ಎರಡನೇ ವರ್ಷದಲ್ಲಿ ಬಂದಿತು. ಎದುರು ಬಣದ ಸದಸ್ಯರೊಬ್ಬರು ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿ ರಾಜೀನಾಮೆ ಕೊಟ್ಟರು. ತೆರವಾದ ಸ್ಥಾನವನ್ನು ಸಮಿತಿಯೇ ತುಂಬಬಹುದೆಂಬ ಹಳೆಯ ನಿಯಮ ಹಾಗೆಯೇ ಉಳಿದಿತ್ತು. ಅದರಂತೆ ನಡೆದರೆ 6-4-1 ಎಂಬುದು 7-3-1 ಆಗುತ್ತಿತ್ತು. ಅಮೆರಿಕದ ಕೇಂಬ್ರಿಜ್ ನಗರ 1941ರಿಂದ ವರ್ಗಾವಣೆಯಾಗುವ ಏಕಮತದಿಂದಲೇ ತನ್ನ ನಗರಸಭೆಯನ್ನು ಆರಿಸುತ್ತ ಬಂದಿದೆ. ಅಲ್ಲಿ ಸ್ಥಾನ ತೆರವಾದರೆ ಆ ಸದಸ್ಯನನ್ನು ಗೆಲ್ಲಿಸಿದ ಮತಪತ್ರಗಳನ್ನೇ ಮತ್ತೆ ಎಣಿಸಿ ಅವುಗಳಲ್ಲಿರುವ ಮುಂದಿನ ಪ್ರಾಶಸ್ತ್ಯದಿಂದ ಉತ್ತರಾಧಿಕಾರಿಯನ್ನು ಗುರುತಿಸುತ್ತಾರೆ. ಚುನಾವಣಾಧಿಕಾರಿಗಳು ಪ್ರತಿ ತಟ್ಟೆಯ ಮತಪತ್ರಗಳನ್ನು ಬೇರೆ ಬೇರೆ ಕಟ್ಟು ಕಟ್ಟಿ, ಮೊಹರು ಹಾಕಿ, ಗ್ರಂಥಾಲಯದ ಕಪಾಟಿನಲ್ಲಿ ಇರಿಸಿದ್ದರಿಂದ ಇಲ್ಲಿಯೂ ಅದು ಸಾಧ್ಯವಾಯಿತು. ಅಧ್ಯಕ್ಷರು ಸಮಿತಿಯ ನೇಮಕದ ಹಕ್ಕನ್ನು ಬಳಸದೆ ಆ ಒಂದು ಕಟ್ಟನ್ನು ಎರಡೂ ಬಣಗಳ ಮುಂದೆ ಬಿಚ್ಚಿಸಿದರು. ಮುಂದಿನ ಪ್ರಾಶಸ್ತ್ಯ ಹೆಚ್ಚು ಬಂದದ್ದು ಅದೇ ಬಣದಿಂದ ಸೋತಿದ್ದ ಮಹಿಳೆಯೊಬ್ಬರಿಗೆ. ಸಮಿತಿ ಅವರನ್ನೇ ನೇಮಿಸಿತು. ಮತಪತ್ರಗಳನ್ನು ಪೂರ್ತಿ 3 ವರ್ಷ ಕಾಪಾಡಬೇಕು, ತೆರವಾದ ಸ್ಥಾನವನ್ನು ಅವುಗಳ ಎಣಿಕೆಯಿಂದಲೇ ತುಂಬಬೇಕು ಎಂಬ ತಿದ್ದುಪಡಿ ಆ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾಯಿತು.